ಇನ್ನೊಂದು ಮಗು

“ನಮ್ಮನೇಲಿ ಅಂಥವರು ಯಾರೂ ಇಲ್ಲಮ್ಮ. ನಮಗೂ ಹೆಣ್ಮಕ್ಕಳಿದಾರೆ, ನಾಳೆ ಮದುವೆ ಆಗ್ಬೇಕು,” ಎಂದು ಆ ಮನೆಯಾಕೆಯೂ ಬಾಗಿಲು ಹಾಕಿಕೊಂಡಳು.

ತಾಯಿ ಬೀದಿಯಲ್ಲೇ ಕುಸಿದು ಕೂತಳು. ಮಗಳ ಕಾಲುಗಳು ದಿನೇ ದಿನೇ ಸೋಲುತ್ತಿದ್ದವು. ಒಂದೇ ಮಗುವನ್ನು ನೋಡಿ ಕಾರಣ ಹೇಳಲಾಗದು, ಊರಲ್ಲಿ ಇಂಥ ಮಕ್ಕಳು ಇನ್ನೂ ಇದ್ದರೆ ಸಂಶೋಧನೆಗೆ ತಂಡವೇ ಬರುತ್ತದೆ ಎಂದಿದ್ದರು ದೊಡ್ಡಾಸ್ಪತ್ರೆಯವರು. ಆದರೆ ಊರಿನ ಆರೋಗ್ಯ ಸಮೀಕ್ಷೆಯಲ್ಲಿ ಇದ್ದವಳು ಇವಳ ಮಗಳೊಬ್ಬಳೇ.

“ಸುಶೀಲಕ್ಕ, ಸಮೀಕ್ಷೆ ಮಾಡಿದ್ದು ನೀವೇ ಅಲ್ವಾ? ನಿಮ್ಮ ಕಣ್ಣಿಗೆ ಇನ್ನೊಂದು ಮಗು ಬೀಳಲೇ ಇಲ್ವಾ?”

“ಬಿದ್ದಿದ್ರೆ ಬರೀತಿರ್ಲಿಲ್ವೇನೇ?” ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಸುಶೀಲಕ್ಕ ಅವಳ ಬೆನ್ನು ಸವರಿದಳು. “ಏಳು, ಬೀದಿ ಮುಗೀತು.”

“ಆ ಮೂಲೆಮನೆ?”

“ಅದು ನಮ್ಮನೆ ಕಣೆ. ಬೀಗ ಹಾಕಿದೀನಿ. ಮಗಳನ್ನ ಅಜ್ಜಿ ಮನೇಲಿ ಓದೋಕೆ ಬಿಟ್ಟಿದೀನಲ್ಲ.”

“ಹೌದಲ್ಲ, ನನ್ ತಲೆ ಕೆಟ್ಟೋಗಿದೆ. ಪುಣ್ಯವಂತರು ಅಕ್ಕ ನೀವು. ನನ್ನದು ನಾಳೆ ಹಾಸಿಗೆಯಿಂದ ಏಳುತ್ತೋ ಇಲ್ವೋ. ಒಂದೇ ಒಂದು ಮಗು ಅಂದ್ರೆ ಯಾರು ಬರ್ತಾರೆ?”

ಸುಶೀಲಕ್ಕ ಅವಳ ಕೈ ಹಿಡಿದುಕೊಂಡು ಮೂಲೆಮನೆಯವರೆಗೂ ನಡೆದಳು, ಸೊಂಟದಿಂದ ಕೀಲಿಕೈ ತೆಗೆದು ಬೀಗ ತೆರೆದಳು.

ಒಳಗೆ, ಅಜ್ಜಿ ಮನೆಯಲ್ಲಿರಬೇಕಿದ್ದ ಹುಡುಗಿ ಗೋಡೆ ಹಿಡಿದುಕೊಂಡು ಎದ್ದು ನಿಲ್ಲಲು ನೋಡುತ್ತಿದ್ದಳು.