ಉದ್ಘಾಟನೆಯ ಸಸಿ

ಕಾಲೇಜಿನಲ್ಲಿ ‘ರಮ್ಯಕಾವ್ಯ ಮತ್ತು ಪ್ರಕೃತಿ’ ವಿಚಾರಸಂಕಿರಣ. ಸಸಿಗೆ ನೀರೆರೆದು ಉದ್ಘಾಟನೆ. ಆದರೆ ವಿಭಾಗದ ಸಸಿ ರಜೆಯಲ್ಲೇ ಒಣಗಿ ಕಡ್ಡಿಯಾಗಿತ್ತು. ಮುಖ್ಯಸ್ಥೆ ಪಂಕಜಾಕ್ಷಿ ಬೆಳಗ್ಗೆ ಅಂಗಡಿಗೆ ಓಡಿ, ಪ್ಲಾಸ್ಟಿಕ್ಕಿನದೊಂದನ್ನು ತಂದು ಕುಂಡದಲ್ಲಿ ಸಿಕ್ಕಿಸಿ, ಮೇಲೆ ಒಂದಿಷ್ಟು ಮಣ್ಣು ಉದುರಿಸಿದ್ದರು.

ಅತಿಥಿಗಳು ಹೆಸರಾಂತ ಪ್ರಕೃತಿಕವಿ. ನೀರೆರೆದು, ಎಲೆ ಸವರಿ, ಕಣ್ಣು ಮುಚ್ಚಿದರು. “ಆಹಾ, ಇದು ಉಸಿರಾಡೋದು ನನ್ನ ಬೆರಳಿಗೆ ಗೊತ್ತಾಗ್ತಿದೆ! ಕಾರು, ಬಂಗಲೆ ಅಂತ ಓಡ್ತಾ ನಾವು ಹಸಿರಿನ ನಂಟನ್ನೇ ಕಳ್ಕೊಂಡ್ವಿ,” ಎಂದು ಶುರುಮಾಡಿ ಒಂದು ಗಂಟೆ ಕೊರೆದರು. ಸಭೆ ಕಣ್ಣೊರೆಸಿಕೊಂಡಿತು. ಪಂಕಜಾಕ್ಷಿಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಕವಿಗಳು ಕಾರಿನ ಬಳಿ ನಿಂತರು. “ಮೇಡಂ, ಹಾರ, ಶಾಲು ನೀವೇ ಇಟ್ಕೊಳ್ಳಿ. ಆ ಸಸಿ ಕೊಡಿ, ಮನೇಲಿ ಇಟ್ಕೋತೀನಿ.”

ಪಂಕಜಾಕ್ಷಿ ಥಟ್ಟನೆ ಮಾತು ತಿರುಗಿಸಿದರು. “ಅದಕ್ಕಿಂತ ಒಳ್ಳೇದು ತರಿಸಿಕೊಡ್ತೀನಿ ಸಾರ್.”

“ಬೇಡ, ನನಗೆ ಅದೇ ಬೇಕು.”

ಇನ್ನು ಮುಚ್ಚಿಡಲಾಗದೆ ಆಕೆ ಕೈಮುಗಿದರು. “ತಪ್ಪಾಯ್ತು ಸಾರ್, ಅದು ಪ್ಲಾಸ್ಟಿಕ್.”

“ಮುಟ್ಟಿದಾಗಲೇ ಗೊತ್ತಾಯ್ತಮ್ಮ,” ಎಂದು ಕವಿಗಳು ಕಾರಿನ ಡಿಕ್ಕಿ ತೆರೆದರು. “ನಿಜವಾದದ್ದಾಗಿದ್ರೆ ದಿನಾ ನೀರು ಹಾಕೋರು ಯಾರು?”