ಬಚ್ಚಮ್ಮ ಕರೆದ ಮದುವೆ

ಬಚ್ಚಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು, ತನ್ನ ಮನೆಯ ಮದುವೆಗೆ ತಾನೇ ಊರು ಕರೆಯಲು ಹೊರಟಾಗ ಹುತ್ತೂರಿಗೆ ಹುತ್ತೂರೇ ಮೂಗಿನ ಮೇಲೆ ಬೆರಳಿಟ್ಟಿತು. ಅವಳಿಗೆ ಮಕ್ಕಳಿಲ್ಲ. ಮತ್ತೆ ಮದುವೆ ಯಾರದು? ಗಂಡ ಮುನಿರಾಮಪ್ಪನದೇ ಇರಬೇಕು!

ಅವಳ ಹೊಟ್ಟೆಯೊಳಗೆ ಗಡ್ಡೆ. ಈ ತಿಂಗಳೊಳಗೆ ಬೆಂಗಳೂರಿಗೆ ಹೋಗಿ ಕೊಯ್ಯಿಸದಿದ್ದರೆ ಉಳಿಯುವುದಿಲ್ಲ ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಖರ್ಚು ನೂರೈವತ್ತು ರೂಪಾಯಿ. ರೇಷ್ಮೆಗೂಡು ಮಾರಿದರೂ ನಲವತ್ತು ದಾಟಲಿಲ್ಲ. ಅಂಥದ್ದರಲ್ಲಿ ಈ ಮುದುಕನಿಗೆ ಮದುವೆಯ ಹುಚ್ಚು!

"ಹೆಣ್ಣು ಯಾರೇ?" ಅಕ್ಕ ಅಂಜಮ್ಮ ಗದರಿದಳು.

"ನಂಗೆ ಚೆನ್ನಾಗಿ ಗೊತ್ತಿರೋಳೇ ಕಣಕ್ಕಾ. ಹನ್ನೆರಡು ತುಂಬೈತೆ. ಎದುರು ಮಾತಾಡೋಳಲ್ಲ."

"ಹನ್ನೆರಡಾ! ಅಯ್ಯೋ ದೇವುಡಾ, ನಿಂಗೆ ಹೊಟ್ಟೆ ಉರಿಯಲ್ವೇನೇ?"

"ಗಂಡಿಗೆ ಸರಿಜೋಡಿ ಬಿಡು," ಎಂದು ಬಚ್ಚಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ನೋಯುತ್ತಿತ್ತು. ಆದರೂ ನಕ್ಕಳು.

ಶಪಿಸಲು ಊರಿಗೆ ಅಡ್ಡಿಯಿರಲಿಲ್ಲ. ಬಾರದಿರಲು ಮಾತ್ರ ದಾರಿಯಿರಲಿಲ್ಲ. ಮುನಿರಾಮಪ್ಪ ಇಪ್ಪತ್ತು ವರ್ಷ ಎಲ್ಲರ ಮದುವೆಗೂ ಹೋಗಿ ಮುಯ್ಯಿ ದುಡ್ಡು ಹಾಕಿದವನು. ಅವನ ಮನೆಯಲ್ಲಿ ಮದುವೆಯಾದರೆ ಅದನ್ನು ತಿರುಗಿ ಹಾಕಲೇಬೇಕು. ಇಲ್ಲದಿದ್ದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ.

ಚಪ್ಪರದಡಿ ಮುಯ್ಯಿ ಲೆಕ್ಕ ಬರೆಯುವ ಚನ್ನರಾಯಪ್ಪ ಒಬ್ಬೊಬ್ಬರ ಹೆಸರು ಕೂಗಿದ. ಜನ ಹಲ್ಲು ಕಡಿಯುತ್ತಲೇ ಮುಯ್ಯಿ ಹಾಕಿದರು. ಮುಯ್ಯಿ ಮೊದಲು, ಮುಹೂರ್ತ ಆಮೇಲೆ ಎಂಬುದು ಬಚ್ಚಮ್ಮನ ಹಟ. ನೂರಹತ್ತು ತುಂಬಿದ್ದೇ ತಡ, ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಬದುಕುವ ಆಸೆ ಅವಳಿಗೆ ಅಷ್ಟಿತ್ತು.

"ಹೆಣ್ಣೆಲ್ಲಿ? ಮದ್ವೆ ಆಗ್ದಿದ್ರೆ ಮುಯ್ಯಿ ವಾಪಸ್ಸು!" ಹಿಂದಿನಿಂದ ಯಾರೋ ಅರಚಿದರು. ಹೌದು ಹೌದು ಎಂದು ಎಲ್ಲರೂ ಎದ್ದು ನಿಂತರು.

ಅಂಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುನಿರಾಮಪ್ಪನ ಎದುರಿಗೇ ಬಂದಳು. "ಏನಯ್ಯಾ ಮದುಮಗ, ನಿನ್ನ ಬಾಸಿಂಗ ಎಲ್ಲಿ?"

"ಬಾಸಿಂಗ ಗಂಡಿನ ತಲೆ ಮೇಲೇ ಐತೆ. ಬಾರಕ್ಕಾ, ತೋರಿಸ್ತೀನಿ," ಎಂದ ಮುನಿರಾಮಪ್ಪ ಅರಿಸಿನದ ದಾರದ ತಾಳಿ ಹಿಡಿದು ಮುಂದೆ ನಡೆದ. ವಾಲಗದವರು ಅವನ ಹಿಂದೆ, ಊರು ವಾಲಗದವರ ಹಿಂದೆ.

ಕೆರೆ ಏರಿಯ ಕಟ್ಟೆಯ ಮೇಲೆ ಪುರೋಹಿತರು ಮಂತ್ರ ಹೇಳುತ್ತಿದ್ದರು. ಬಚ್ಚಮ್ಮ ಹನ್ನೆರಡು ವರ್ಷ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಅರಳಿಮರ ಬಾಸಿಂಗ ಕಟ್ಟಿಕೊಂಡು, ಅದರ ಜೊತೆಗೇ ನೆಟ್ಟಿದ್ದ, ಹೊಸ ಸೀರೆಯುಟ್ಟ ಬೇವಿನಮರದ ಪಕ್ಕದಲ್ಲಿ ಮದುಮಗನಾಗಿ ನಿಂತಿತ್ತು.