ದೂರು ಪರಿಶೀಲನೆಯಲ್ಲಿದೆ

"ಏನಂತೆ?"

"ಅದೇ," ಎಂದಳು ಹೆಂಡತಿ. "ನಿಮ್ಮ ದೂರು ಪರಿಶೀಲನೆಯಲ್ಲಿದೆ. ನಿಮ್ಮ ತಾಳ್ಮೆಗೆ ಧನ್ಯವಾದ."

ಓದಲು ಅವಳು ಕನ್ನಡಕವನ್ನೂ ಹುಡುಕಲಿಲ್ಲ. ದಿನವೂ ಅದೇ ಉತ್ತರ ಹೇಳಿ ಹೇಳಿ ಬಾಯಿಪಾಠವಾಗಿತ್ತು.

"ನಂಗೆ ತಾಳ್ಮೆ ಇದೆ ಅಂತ ಇವರಿಗೆ ಹೇಳಿದವರು ಯಾರು?" ಡ್ರೈವರಣ್ಣ ಕುರ್ಚಿಯಿಂದ ಎದ್ದ, ಕುಳಿತ, ಮತ್ತೆ ಎದ್ದ. "ಇನ್ನೊಂದು ಸಲ ಬರಿ. ನಾನು ಹೇಳಿದ ಹಾಗೇ ಬರಿ. ನನ್ನ ತಪ್ಪೇನು ಅಂತ ಒಂದು ಮಾತು ಹೇಳಿ, ಆಮೇಲೆ ನೇಣಿಗೆ ಹಾಕಿ. ಬರೆದ್ಯಾ?"

"ಬರೆದೆ ಕಣ್ರೀ."

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಡ್ರೈವರಣ್ಣ ಎಂದೇ. ಹರೆಯದಲ್ಲಿ ಲಾರಿ, ಆಮೇಲೆ ಬಸ್ಸು, ಈಗ ಸ್ವಂತ ಟ್ಯಾಕ್ಸಿ. ಬಾಡಿಗೆಯೆಲ್ಲ ಕಂಪನಿಯ ಆ್ಯಪ್‌ನಿಂದ. ಫೋನ್ ಕೂಗಿದರೆ ದೊಡ್ಡ ಹಸಿರು ಗುಂಡಿ ಒತ್ತುವುದು, ಒಳಗಿನ ಹೆಂಗಸು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಒಂದು ಬೆಳಿಗ್ಗೆ ಆ ಹೆಂಗಸು ಬಾಯಿ ಮುಚ್ಚಿದಳು. ಖಾತೆ ಬಂದ್ ಆಗಿದೆ ಎಂದು ಹೆಂಡತಿ ಓದಿ ಹೇಳಿದಳು. ಯಾಕೆಂದು ಹೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ಗಾಡಿ ಬಾಗಿಲಲ್ಲೇ ನಿಂತಿತ್ತು. ಮಗಳ ಮನೆಗೂ ಬಸ್ಸಿನಲ್ಲೇ ಹೋಗಿ ಬಂದರು. ಸಂಪಾದನೆ ಇಲ್ಲದಾಗ ಪೆಟ್ರೋಲ್ ಯಾಕೆ ಸುಡಬೇಕು ಎಂದಿದ್ದಳು ಹೆಂಡತಿ. ಅವನು ಬೆಳಿಗ್ಗೆ ಗಾಡಿ ಒರೆಸುತ್ತಿದ್ದ. ಒರೆಸಿ, ಒಳಗೆ ಕೂತು, ಸ್ಟೇರಿಂಗ್ ಹಿಡಿದು ಸುಮ್ಮನಿರುತ್ತಿದ್ದ.

"ಗಾಡಿ ಓಡಿಸದ ಡ್ರೈವರಣ್ಣ ಅಂದ್ರೆ ಏನು ಗೊತ್ತಾ? ಬರೀ ಅಣ್ಣ," ಎಂದ ಒಮ್ಮೆ. ನಗಿಸಲು ಹೇಳಿದ ಮಾತು. ಹೆಂಡತಿ ನಗಲಿಲ್ಲ.

ಬೀದಿಯ ತುದಿಯ ಗ್ಯಾರೇಜಿನವನು ಮಾತ್ರ ನಗುತ್ತಿದ್ದ. "ಯಾರೋ ಪ್ಯಾಸೆಂಜರ್ ಚಾಡಿ ಹೇಳಿದಾನೆ ಅಣ್ಣ. ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇದೆ. ಆ ಸೆಂಟಿನವನು. ಮೂಗು ಸುಡೋ ಹಾಗೆ ಸೆಂಟು ಹಾಕ್ಕೊಂಡಿದ್ದ. ಸಿಗ್ನಲ್ ಹತ್ರ ಬಾಯಿ ಬಾಯಿ ಬಡ್ಕೊಂಡ. ಕೆಂಪು ಇತ್ತಂತೆ! ನಂಗೆ ಸಿಗ್ನಲ್ ಹೇಳಿಕೊಡ್ತಾನೆ."

"ಅದಿರಲಿ, ಗಾಡಿಯ ಎಡಗಡೆ ಬಾಗಿಲು ಮತ್ತೆ ತರಚಿತ್ತಲ್ಲ? ನಿನ್ನ ಗಾಡಿಗೆ ಕಂಬ ಅಂದ್ರೆ ಬಲು ಪ್ರೀತಿ."

"ಕಂಬಗಳನ್ನ ರಸ್ತೆಗೆ ತಂದು ನಿಲ್ಲಿಸಿದ್ರೆ ನಾನೇನು ಮಾಡ್ಲಿ?"

"ಫೋನ್ ಕೊಡು ಇಲ್ಲಿ, ಆ ಕಂಪನಿಯವರು ಏನು ಬರೆದಿದಾರೆ ನಾನು ನೋಡ್ತೀನಿ."

ಫೋನ್ ಮನೆಯಲ್ಲಿತ್ತು. ಉತ್ತರ ಬಂದರೆ ಓದಬೇಕಲ್ಲ ಎಂದು ಅದನ್ನು ಹೆಂಡತಿಯೇ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಅವನಿಗೆ ಅದನ್ನು ಓದುವುದು ಆಗದ ಮಾತು. ಕಂಪನಿಯವರು ಅಕ್ಷರಗಳನ್ನು ಇರುವೆ ಸಾಲಿನಂತೆ ಬಿಟ್ಟಿದ್ದರು, ಜನ ಓದಬಾರದೆಂದೇ.

ಕೊನೆಗೆ ಅವನು ಕಂಪನಿಯ ಕಟ್ಟಡಕ್ಕೇ ಹೋದ. ಆಕಾಶಕ್ಕೆ ಏಣಿ ಹಾಕಿದಂಥ ಗಾಜಿನ ಕಟ್ಟಡ. ಆವೇಶದಲ್ಲಿ ನುಗ್ಗಿದವನು ಬಾಗಿಲಿಗೇ ಹಣೆ ಬಡಿದುಕೊಂಡ. ಕಾವಲಿನವನು ಓಡಿ ಬಂದು ಕೂರಿಸಿ ನೀರು ಕೊಟ್ಟ.

"ಒಳಗೆ ಯಾರನ್ನ ನೋಡ್ಬೇಕು ಯಜಮಾನ್ರೇ?"

"ಯಾರಾದ್ರೂ ಸರಿ. ಒಂದು ಮುಖ ಬೇಕು."

"ಅದೊಂದು ಇಲ್ಲಿ ಸಿಗಲ್ಲ. ಏನಿದ್ರೂ ಫೋನಲ್ಲೇ ಬರೀಬೇಕು. ನನ್ನ ಸಂಬಳ ತಡವಾದ್ರೆ ನಾನೂ ಫೋನಲ್ಲೇ ಬರೀತೀನಿ."

ಮನೆಗೆ ಬಂದಾಗ ಹಣೆ ಊದಿತ್ತು. ಹೆಂಡತಿ ತಣ್ಣೀರ ಬಟ್ಟೆ ಒತ್ತಿ ಹಿಡಿದಳು.

"ಬಾಗಿಲೂ ಕಾಣದ ಹಾಗೆ ಕಟ್ಟಿದಾರೆ ಕಣೇ ಆ ಕಳ್ಳರು."

"ಹೋಗ್ಲಿ ಬಿಡಿ. ಬೈದು ಬಿಡಿ ಅವರನ್ನ. ಎಷ್ಟು ಬೇಕಾದ್ರೂ ಬೈದು ಬಿಡಿ."

"ಬೈದ್ರೆ ತಿರುಗಿ ಬೈಯೋಕಾದ್ರೂ ಒಬ್ಬರು ಬೇಡ್ವಾ? ನನ್ನ ಕೈಯಲ್ಲಿ ಒಬ್ಬನಿಗೂ ಗಾಯ ಆಗಿಲ್ಲ. ಒಬ್ಬನಿಗೂ. ಅಂಥವನನ್ನ ಮೂಲೆಗೆ ಕೂರಿಸಿದಾರೆ."

ಅವಳು ಬಟ್ಟೆ ಹಿಂಡಲು ಒಳಗೆ ಹೋದಳು. ಬಹಳ ಹೊತ್ತು ಹಿಂಡಿದಳು.

ಮರುದಿನ ಅವಳು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದಾಗ, ಮರೆತು ಕಟ್ಟೆಯ ಮೇಲಿಟ್ಟಿದ್ದ ಫೋನ್ ಕೂಗಿತು. ಡ್ರೈವರಣ್ಣ ತಡವಿ ಎತ್ತಿಕೊಂಡ.

"ನಮಸ್ಕಾರ ಸಾರ್, ಟ್ಯಾಕ್ಸಿ ಕಂಪನಿಯಿಂದ ಮಾತಾಡ್ತಾ ಇದೀನಿ."

ಜೀವಂತ ಹುಡುಗಿಯ ದನಿ. ಉಸಿರಾಡುವುದೂ ಕೇಳುತ್ತಿತ್ತು. ಅವನು ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದ. ಹುಡುಗಿ ಮುಗಿಯುವವರೆಗೂ ಕಾದಳು.

"ಸಾರ್, ನಿಮ್ಮಿಂದ ಒಂದು ದೂರೂ ನಮಗೆ ಬಂದಿಲ್ಲ. ವಾಪಸ್ ಬನ್ನಿ ಅಂತ ನಾವೇ ಬರೀತಾ ಇದೀವಿ, ನೀವೇ ಉತ್ತರ ಕೊಡ್ತಿಲ್ಲ. ಖಾತೆ ನಾವು ಮುಚ್ಚಿಲ್ಲ ಸಾರ್. ನಿಮ್ಮ ಫೋನಿಂದಲೇ ಮುಚ್ಚಿದೀರಿ. ಈಗ ಹೂಂ ಅನ್ನಿ, ಇವತ್ತೇ ಮತ್ತೆ ತೆರೀತೀವಿ."

ಹೂಂ ಎನ್ನಲು ಅವನು ಬಾಯಿ ತೆರೆದ. ಆದರೆ ಬಂದದ್ದು ಬೇರೆ ಮಾತು.

"ಮುಚ್ಚೋಕೆ ಕಾರಣ ಏನಂತ ಇದೆ?"

"ಒಂದು ನಿಮಿಷ ಸಾರ್, ಓದ್ತೀನಿ." ಹುಡುಗಿ ಗಡಗಡನೆ ಓದತೊಡಗಿದಳು, ಓದುತ್ತಾ ಓದುತ್ತಾ ಅವಳ ದನಿ ನಿಧಾನವಾಯಿತು.

"'ನಾನು ಇವರ ಹೆಂಡತಿ. ಇವರಿಗೆ ಕಣ್ಣು ಕಾಣಿಸುತ್ತಿಲ್ಲ, ಹೇಳಿದರೆ ಒಪ್ಪುವುದಿಲ್ಲ. ನಿನ್ನೆ ಗಾಡಿಯ ಎದುರು ನಿಂತು ತಾತಾ ಎಂದು ಕೈ ಬೀಸುತ್ತಿದ್ದ ಮೊಮ್ಮಗಳು ಇವರಿಗೆ ಕಾಣಲೇ ಇಲ್ಲ, ನಾನು ಎಳೆದುಕೊಂಡೆ. ಅದು ಇವರಿಗೆ ಗೊತ್ತಾಗುವುದು ಬೇಡ. ಇವರು ಕೇಳಿದರೆ, ದಯವಿಟ್ಟು, ನೀವೇ ಮುಚ್ಚಿದ್ದು ಎಂದು ಹೇಳಿ.'"